ಚಹಾದಂಗಡಿಯ ಲೋಗೋ: ಮೊದಲು ಹೆಸರು ಬರೆಯಿರಿ

ಪ್ರಶ್ನೆ: ನಮಸ್ಕಾರ ಸರ್. ನಾನು ವಿಜಯಪುರದವಳು. ನಾನೂ ನಮ್ಮ ಅತ್ತಿಗೆಯೂ ಸೇರಿ ಆಶ್ರಮ ರಸ್ತೆಯ ಕಡೆ ಒಂದು ಸಣ್ಣ ಚಹಾದಂಗಡಿ ಶುರು ಮಾಡುತ್ತಿದ್ದೇವೆ. ಅಂಗಡಿಯ ಮುಂಭಾಗ ಹತ್ತಡಿ ಅಗಲ. ಚಹಾ, ಬಿಸ್ಕೀಟು, ಸಂಜೆ ಹೊತ್ತು ಗಿರ್ಮಿಟ್, ಅಷ್ಟೇ. ಲೋಗೋ ಮಾಡಿಕೊಡಿ ಅಂತ ಪರಿಚಯದವರೊಬ್ಬರಿಗೆ ಹೇಳಿದ್ದೆವು. ಅವರು ಕಳಿಸಿದ್ದರಲ್ಲಿ ಗೋಳಗುಮ್ಮಟ ಇದೆ, ಅದರ ಮುಂದೆ ಹಬೆಯಾಡುವ ಕಪ್ಪು, ಪಕ್ಕದಲ್ಲಿ ಎರಡು ಚಹಾ ಎಲೆ, ಸುತ್ತ ಬಂಗಾರದ ಬಣ್ಣದ ಉಂಗುರ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು. ಚೆಂದ ಇದೆ, ಆದರೆ ಏನೋ ಜಾಸ್ತಿ ಆಯ್ತು ಅನ್ನಿಸುತ್ತಿದೆ. ನಮ್ಮ ಅಣ್ಣ ಮೊಬೈಲಿನ ಎಐ ಆ್ಯಪ್‌ನಲ್ಲಿ ಪುಕ್ಕಟೆ ಮಾಡಿಕೊಡ್ತೀನಿ ಅಂತಾನೆ. ನಮಗೆ ಅಚ್ಚುಕಟ್ಟಾದ, ಆಡಂಬರವಿಲ್ಲದ ಲೋಗೋ ಬೇಕು. ನೋಡಿದವರಿಗೆ 'ಇಲ್ಲಿ ಚಹಾ ಚಲೋ ಇರ್ತದ' ಅನ್ನಿಸಬೇಕು. ಸೊಲ್ಲಾಪುರ ಕಡೆಯಿಂದ ಬರುವ ಗಿರಾಕಿಗಳಿಗಾಗಿ ಮರಾಠಿಯೂ ಬೇಕಾ? ಬೋರ್ಡ್ ಮೇಲೆ ಫೋನ್ ನಂಬರ್ ಹಾಕಬೇಕಾ? ಅಂಗಡಿಯ ಹೆಸರನ್ನು ದಯವಿಟ್ಟು ಅಚ್ಚು ಹಾಕಬೇಡಿ.

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ನೀವು ಕಳಿಸಿದ ಚಿತ್ರದಲ್ಲಿ ಐದು ಸಂಗತಿ ಇವೆ: ಗುಮ್ಮಟ, ಕಪ್ಪು, ಎಲೆ, ಉಂಗುರ, ಹೆಸರು. ಹೆಸರಿಗೆ ಕೊನೆಯ ಜಾಗ ಸಿಕ್ಕಿದೆ, ಅದೂ ಎಲ್ಲಕ್ಕಿಂತ ಸಣ್ಣದು. ಬರೆದವರ ಕೈ ಕೆಟ್ಟದ್ದೇನಲ್ಲ. ನಾಲ್ಕು ಮೂಲೆಯ ಮಿನಾರುಗಳನ್ನೂ ಬಿಡದೆ ಬರೆದಿದ್ದಾರೆ. ಆದರೆ ಗಿರಾಕಿ ಕೇಳುವುದು ಒಂದೇ ಮಾತು, ಇದು ಯಾವ ಅಂಗಡಿ? ಅದಕ್ಕೆ ಉತ್ತರ ಸಿಗಬೇಕಾದರೆ ಆತ ಗುಮ್ಮಟ ಹತ್ತಿ ಇಳಿಯಬೇಕಾಗಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಚಹಾದಂಗಡಿಗೆ ಹೆಸರೇ ಲೋಗೋ. ಚೆನ್ನಾಗಿ ಬರೆದ ಹೆಸರು, ಆ ಅಕ್ಷರಗಳ ಒಳಗೇ ಸೇರಿಕೊಂಡ ಒಂದು ಪುಟ್ಟ ಚಿತ್ರ, ಎರಡು ಬಣ್ಣ. ಇಷ್ಟು ಸಾಕು. ಚಿತ್ರ ಇಲ್ಲದಿದ್ದರೂ ನಡೆಯುತ್ತದೆ. ಬರೀ ಚಿತ್ರ ನೋಡಿ ಜನ ಗುರುತು ಹಿಡಿಯುವಂತೆ ಮಾಡಲು ದೊಡ್ಡ ಕಂಪನಿಗಳು ವರ್ಷಗಟ್ಟಲೆ ಜಾಹೀರಾತಿಗೆ ದುಡ್ಡು ಸುರಿದಿರುತ್ತವೆ. ನಿಮ್ಮ ಅಂಗಡಿಯ ಸುದ್ದಿ ಹರಡುವುದು ಬಾಯಿಂದ ಬಾಯಿಗೆ. 'ಅಲ್ಲಿ ಚಾ ಭಾರಿ ಇರ್ತದ, ನಡಿ' ಅಂತ ಒಬ್ಬ ಇನ್ನೊಬ್ಬನನ್ನು ಕರಕೊಂಡು ಬರುತ್ತಾನೆ. ಕಿವಿಯಿಂದ ಕೇಳಿದ ಹೆಸರು ಬೋರ್ಡಿನ ಮೇಲೆ ಥಟ್ಟನೆ ಕಣ್ಣಿಗೆ ಬೀಳಬೇಕು. ಲೋಗೋದ ಮೊದಲ ಕೆಲಸ ಅದೇ.

ಮೊದಲು ಗುಮ್ಮಟದ ಮಾತು ಮುಗಿಸೋಣ. ಅದು ಬೇಡ. 1656ರಲ್ಲಿ ಮುಗಿದ ಕಟ್ಟಡ ಅದು, ಹೊರಗಿನ ವ್ಯಾಸವೇ ಸುಮಾರು 44 ಮೀಟರ್. ಊರಿಗೆ ಬರುವ ರೈಲಿನಿಂದಲೇ ಕಾಣುತ್ತದೆ. ಅದಕ್ಕೇ ಲಾಡ್ಜು, ಟ್ರಾವೆಲ್ಸು, ಕೋಚಿಂಗ್ ಕ್ಲಾಸು, ಖಾನಾವಳಿ ಎಲ್ಲರೂ ಅದನ್ನೇ ಹಾಕುತ್ತಾರೆ. ಗುಮ್ಮಟ ನೋಡಿದವನಿಗೆ 'ಇದು ವಿಜಯಪುರ' ಅಂತ ಗೊತ್ತಾಗುತ್ತದೆ. ಅವನು ವಿಜಯಪುರದಲ್ಲೇ ನಿಂತಿದ್ದಾನೆ, ಅದು ಅವನಿಗೆ ಮೊದಲೇ ಗೊತ್ತು! ಇನ್ನೊಂದು ಸಂಗತಿ, ಅದು ಮೊಹಮ್ಮದ್ ಆದಿಲ್‌ಶಾಹನ ಸಮಾಧಿ. ಸಮಾಧಿಯ ಮುಂದೆ ಹಬೆಯಾಡುವ ಚಹಾ ಇಟ್ಟರೆ ನನಗಂತೂ ಸ್ವಲ್ಪ ಕಸಿವಿಸಿ ಆಗುತ್ತದೆ. ನಿಮ್ಮ ಊರಿನವರಿಗೆ ಇದು ರೂಢಿಯಾಗಿರಬಹುದು, ಬಿಡಿ.

ಊರಿನ ಗುರುತು ಬೇಕೇ ಬೇಕು ಅನ್ನುವುದಾದರೆ ಇಬ್ರಾಹಿಂ ರೋಜಾಕ್ಕೆ ಒಂದು ಸಲ ಅದೇ ಕಣ್ಣಿಟ್ಟುಕೊಂಡು ಹೋಗಿ ಬನ್ನಿ. ಗೋರಿಯ ಕೋಣೆಯ ಕಿಟಕಿಗಳನ್ನು ನೋಡಿ. ಕಲ್ಲಿನ ಜಾಲಂಧ್ರ ಇದೆಯಲ್ಲ, ಅದು ಹೂಬಳ್ಳಿಯಲ್ಲ. ಅರಬ್ಬಿ ಅಕ್ಷರಗಳನ್ನೇ ಕೊರೆದು ಜಾಲಂಧ್ರ ಮಾಡಿದ್ದಾರೆ. ಅಕ್ಷರದ ಸಂದಿನಿಂದ ಬೆಳಕು ಒಳಗೆ ಬರುತ್ತದೆ. ಓದಲು ಬಾರದವರೂ ನಿಂತು ನೋಡುತ್ತಾರೆ. ನಾನು ನಿಮಗೆ ಹೇಳುತ್ತಿರುವುದಕ್ಕೆ ನಿಮ್ಮ ಊರಿನಲ್ಲೇ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಕ್ಷರ ಚೆಂದ ಇದ್ದರೆ ಬೇರೆ ಅಲಂಕಾರ ಬೇಕಾಗುವುದಿಲ್ಲ.

ಈಗ ಅಕ್ಷರಕ್ಕೆ ಬರೋಣ. ನಿಮ್ಮ ಹೆಸರು ಹೇಳುವಂತಿಲ್ಲ, ಆದ್ದರಿಂದ ಸುಮ್ನೆ ಉದಾಹರಣೆಗೆ 'ಸಂಜಿ ಚಹಾ' ಅಂತ ಇಟ್ಟುಕೊಳ್ಳುತ್ತೇನೆ. ಒಂದು ಬಿಳಿ ಹಾಳೆಯ ಮೇಲೆ ದಪ್ಪ ಸ್ಕೆಚ್ ಪೆನ್ನಿನಿಂದ ಬರೆಯಿರಿ. ನೀವೊಮ್ಮೆ ಬರೆಯಿರಿ, ಅತ್ತಿಗೆಯವರೂ ಬರೆಯಲಿ. ಕೈಬರಹ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ನೋಡಬೇಕಾದದ್ದು ಆ ಹೆಸರಿನ ಆಕಾರ. ಎಲ್ಲಿ ದುಂಡಗಿದೆ, ಎಲ್ಲಿ ಮೇಲಕ್ಕೆ ಏಳುತ್ತದೆ, ಎಲ್ಲಿ ಕೆಳಗೆ ಇಳಿಯುತ್ತದೆ?

'ಸಂಜಿ ಚಹಾ' ತೆಗೆದುಕೊಳ್ಳಿ. ಇದರಲ್ಲಿ ಒತ್ತಕ್ಷರ ಒಂದೂ ಇಲ್ಲ, ಕೆಳಗಿನ ಅಂಚು ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಬೋರ್ಡಿಗೆ ಇದು ದೊಡ್ಡ ಅನುಕೂಲ. 'ಸ' ಮತ್ತು 'ಚ'ಗೆ ತಲೆಕಟ್ಟಿದೆ. 'ಜಿ'ಗೆ ಮೇಲೆ ಗುಡಿಸು ಇದೆ. ಕೊನೆಯ 'ಹಾ'ದ ದೀರ್ಘ ಬಲಕ್ಕೆ ಹೋಗಿ ಸುತ್ತಿಕೊಳ್ಳುತ್ತದೆ. ನಡುವೆ ಒಂದು ಸೊನ್ನೆ. ನಿಮ್ಮ ನಿಜವಾದ ಹೆಸರಿನಲ್ಲಿ ಎರಡು ಒತ್ತಕ್ಷರ ಇವೆ. ಅವು ಕೆಳಗೆ ಇಳಿಯುತ್ತವೆ. ಅವುಗಳಿಗೆ ಜಾಗ ಬಿಡದೆ ಕೆಳಗೆ ಇನ್ನೊಂದು ಸಾಲು ತುರುಕಿದರೆ ಎರಡೂ ಸಾಲು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಿಮಗೆ ಬಂದ ಚಿತ್ರದಲ್ಲಿ ಇಂಗ್ಲಿಷ್ ಹಾಕಿದ್ದಕ್ಕೆ ಬಹುಶಃ ಅದೇ ಕಾರಣ. ಕನ್ನಡ ಆ ಉಂಗುರದೊಳಗೆ ಕೂತಿರಲಿಕ್ಕಿಲ್ಲ.

ದುಬಾರಿ ಅಂಗಡಿಗಳ ಇಂಗ್ಲಿಷ್ ಲೋಗೋ ನೋಡಿ ಜನ ಒಂದು ತಂತ್ರ ಕಲಿತಿದ್ದಾರೆ. ತೆಳ್ಳಗಿನ ಅಕ್ಷರ, ನಡುವೆ ದೂರ ದೂರ ಜಾಗ. ಅದನ್ನು ಕನ್ನಡಕ್ಕೆ ಹಚ್ಚಬೇಡಿ. ಕನ್ನಡ ಅಕ್ಷರ ದುಂಡಗಿರುವುದರಿಂದ ಅದರೊಳಗೇ ಬೇಕಾದಷ್ಟು ಖಾಲಿ ಜಾಗ ಇರುತ್ತದೆ. ಹೊರಗೂ ಜಾಗ ಬಿಟ್ಟರೆ ಹೆಸರು ಬಿಡಿಬಿಡಿಯಾಗಿ ಉದುರುತ್ತದೆ. ಇನ್ನೂ ಫಜೀತಿ ಅಂದರೆ 'ಕೀ', 'ಕೇ' ತರಹದ ಅಕ್ಷರದಲ್ಲಿ ಕೊನೆಯ ದೀರ್ಘ ಬೇರೆಯಾಗಿ ನಿಲ್ಲುತ್ತದೆ. ಕೆಲವು ಸಾಫ್ಟ್‌ವೇರ್ ಅದನ್ನೂ ಒಂದು ಬಿಡಿ ಅಕ್ಷರ ಅಂತ ತಿಳಿದು ದೂರ ತಳ್ಳಿಬಿಡುತ್ತವೆ. ಕನ್ನಡದಲ್ಲಿ ಅಂದ ಬೇಕಾದರೆ ಅಕ್ಷರಗಳನ್ನು ಹತ್ತಿರ ಕೂರಿಸಿ, ಹೆಸರಿನ ಸುತ್ತ ಜಾಗ ಬಿಡಿ.

ಫಾಂಟ್ ಯಾವುದು ಅಂತ ಮುಂದಿನ ಪ್ರಶ್ನೆ ಬರುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆಯಾಗಿ, ವ್ಯಾಪಾರಕ್ಕೂ ಬಳಸಬಹುದಾದ ಕನ್ನಡ ಫಾಂಟ್‌ಗಳು ಸಾಕಷ್ಟಿವೆ. ಬಾಲೂ ತಮ್ಮ ದಪ್ಪಗೆ, ಮುದ್ದಾಗಿದೆ. ಮಕ್ಕಳ ಅಂಗಡಿಗೆ ಚೆಂದ, ನೀವು ಕೇಳುವ ಗಾಂಭೀರ್ಯಕ್ಕೆ ಕಷ್ಟ. ಟಿರೋ ಕನ್ನಡ ಬಹಳ ಸೊಗಸಾದ ಅಕ್ಷರ, ಆದರೆ ಅದನ್ನು ಮಾಡಿರುವುದು ಓದುವ ಪಠ್ಯಕ್ಕೆ. ಅದರ ತೆಳು ಗೆರೆಗಳು ಬೋರ್ಡಿನ ಮೇಲೆ ದೂರದಿಂದ ಮಾಯವಾಗುತ್ತವೆ. ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದು. ಜೊತೆಗೆ ಅದೇ ಮನೆತನದ ಇಂಗ್ಲಿಷ್ ಅಕ್ಷರವೂ ಇದೆ. ನಾನಾದರೆ ಅಲ್ಲಿಂದ ಶುರು ಮಾಡುತ್ತೇನೆ. ಆದರೆ ಶುರು ಮಾತ್ರ. ಫಾಂಟಿನಲ್ಲಿ ಟೈಪ್ ಮಾಡಿ ಹಾಗೇ ಬಿಟ್ಟರೆ ನಾಳೆ ಎದುರಿನ ಅಂಗಡಿಯವರೂ ಅದನ್ನೇ ಟೈಪ್ ಮಾಡಬಹುದು. ಒಂದೆರಡು ಕಡೆ ಕೈ ಹಚ್ಚಿ ಅದನ್ನು ನಿಮ್ಮದಾಗಿ ಮಾಡಿಕೊಳ್ಳಬೇಕು.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ನಿಮ್ಮ ಊರಿನಲ್ಲಿ ಕುಂಚದಿಂದ ಬೋರ್ಡ್ ಬರೆಯುತ್ತಿದ್ದ ಹಳೆಯ ಪೇಂಟರ್ ಯಾರಾದರೂ ಇರಬೇಕು, ಹುಡುಕಿ. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಎಷ್ಟೋ ಜನ ಬೇರೆ ಕೆಲಸ ಹಿಡಿದಿದ್ದಾರೆ, ಆದರೆ ಕೈ ಮರೆತಿರುವುದಿಲ್ಲ. ಚಪ್ಪಟೆ ಕುಂಚದಲ್ಲಿ ಅವರು 'ಹಾ' ಬರೆಯುವುದನ್ನು ಹತ್ತಿರ ನಿಂತು ನೋಡಬೇಕು. ಕುಂಚ ಕೆಳಗೆ ಇಳಿಯುವಾಗ ಗೆರೆ ದಪ್ಪ, ತಿರುವಿನಲ್ಲಿ ತಾನೇ ತೆಳು, ದೀರ್ಘದ ಕೊನೆಯಲ್ಲಿ ಕೈ ಎತ್ತಿದಾಗ ಒಂದು ಸಣ್ಣ ಮೊನೆ. ಯಾವ ಫಾಂಟಿನಲ್ಲೂ ಆ ಮೊನೆ ಹಾಗೆ ಬರುವುದಿಲ್ಲ. ಹೆಸರನ್ನು ನಾಲ್ಕೈದು ಬಗೆಯಲ್ಲಿ ಡ್ರಾಯಿಂಗ್ ಶೀಟಿನ ಮೇಲೆ ಬರೆಸಿಕೊಳ್ಳಿ, ಅವರು ಕೇಳಿದ ಕೂಲಿಗಿಂತ ಸ್ವಲ್ಪ ಜಾಸ್ತಿಯೇ ಕೊಡಿ. ನೆರಳು ಬೀಳದಂತೆ ಫೋಟೋ ತೆಗೆದು ಡಿಸೈನ್ ಮಾಡುವವರಿಗೆ ಕೊಡಿ. ಅವರು ಅದರ ಮೇಲೆ ಗೆರೆ ಎಳೆದು ಕಂಪ್ಯೂಟರ್ ಫೈಲ್ ಮಾಡುತ್ತಾರೆ. ಇಂಕ್‌ಸ್ಕೇಪ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲೂ ಇದು ಆಗುತ್ತದೆ.

ಇನ್ನು ಚಿತ್ರ. ಹಬೆಯ ಮೂರು ಗೆರೆ, ಎರಡು ಎಲೆ, ಕೆಟಲ್. ಚಹಾದ ಲೋಗೋ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಇಲ್ಲಿಗೇ. ಎಲೆಯಂತೂ ನಿಮಗೆ ಸಂಬಂಧವೇ ಇಲ್ಲ. ವಿಜಯಪುರದಲ್ಲಿ ಚಹಾ ತೋಟ ಎಲ್ಲಿದೆ? ನಿಮ್ಮ ಡಬ್ಬಿಯಲ್ಲಿ ಇರುವುದು ಕಪ್ಪನೆಯ ಪುಡಿ. ಹಸಿರು ಎಲೆ ಹಾಕಿದರೆ ಗ್ರೀನ್ ಟೀ ಅಂಗಡಿ ಅಂದುಕೊಂಡು ಖಡಕ್ ಚಹಾದ ಗಿರಾಕಿ ಮುಂದೆ ಹೋಗಿಬಿಡುತ್ತಾನೆ.

ಹಬೆಗೆ ಬೇರೆಯದೇ ಅಪಾಯ ಇದೆ. ಡಿಸೈನ್ ಮಾಡುವ ಹುಡುಗರಿಗೆ 'ಚ'ದ ತಲೆಕಟ್ಟನ್ನು ಕಂಡರೆ ಕೈ ತುರಿಸುತ್ತದೆ. ಅದನ್ನೇ ಮೇಲಕ್ಕೆ ಸುತ್ತಿ ಹಬೆ ಮಾಡಿಬಿಡುತ್ತಾರೆ. ಅವರಿಗೆ ಅದು ಬಹಳ ಜಾಣತನ ಅನ್ನಿಸುತ್ತದೆ. ಆದರೆ ತಲೆಕಟ್ಟು ಮೇಲೆ ಎದ್ದು ಸುತ್ತಿಕೊಂಡ ಕೂಡಲೇ ಅದು ಗುಡಿಸು ಆಗುತ್ತದೆ. 'ಚಹಾ' ಹೋಗಿ 'ಚಿಹಾ' ಆಗುತ್ತದೆ. ಕನ್ನಡದಲ್ಲಿ ತಲೆಯ ಮೇಲಿನ ಒಂದು ಸುತ್ತು ಅಕ್ಷರವನ್ನೇ ಬದಲಾಯಿಸುತ್ತದೆ, ಅಲ್ಲಿ ಆಟ ಆಡಬಾರದು.

ಹಾಗಾದರೆ ಎಲ್ಲಿ ಆಡಬಹುದು? ಸೊನ್ನೆಯಲ್ಲಿ. 'ಸಂಜಿ'ಯ ಸೊನ್ನೆ ಒಂದು ವೃತ್ತ. ಮೇಲಿನಿಂದ ನೋಡಿದ ಕಪ್ಪು-ಬಸಿಯೂ ವೃತ್ತವೇ. ಹೊರಗಿನ ಉಂಗುರ ಬಸಿ, ಒಳಗಿನದು ಕಪ್ಪಿನಲ್ಲಿ ತುಂಬಿದ ಚಹಾ. ಏನೂ ಸೇರಿಸಿಲ್ಲ, ಇದ್ದದ್ದನ್ನೇ ತುಂಬಿದ್ದೇವೆ, ಓದುವುದಕ್ಕೂ ತೊಂದರೆ ಇಲ್ಲ. ಆದರೆ ಇಲ್ಲೂ ಒಂದು ಎಚ್ಚರ. ಒಳಗೆ ಸಣ್ಣ ಚುಕ್ಕಿ ಇಟ್ಟರೆ ಅದು 'ಠ' ಆಗಿ ಕಾಣುತ್ತದೆ. ಆದ್ದರಿಂದ ಚುಕ್ಕಿ ಬೇಡ. ಒಳಗಿನ ವೃತ್ತ ದೊಡ್ಡದಾಗಿ ತುಂಬಿರಲಿ, ಅದಕ್ಕೂ ಹೊರಗಿನ ಉಂಗುರಕ್ಕೂ ನಡುವೆ ತೆಳ್ಳಗಿನ ಖಾಲಿ ಜಾಗ ಇರಲಿ. ಕಪ್ಪಿನ ಹಿಡಿಕೆ ತೋರಿಸಬೇಕು ಅನ್ನಿಸಿದರೆ ಆ ಖಾಲಿ ಜಾಗದಲ್ಲೇ, ಬಲಗಡೆ ಸ್ವಲ್ಪ ಕೆಳಗೆ, ಒಂದು ಮೋಟು ಗೆರೆ. ಅದು ಉಂಗುರದಿಂದ ಆಚೆ ಬರಬಾರದು. ಬಂದರೆ ಸೊನ್ನೆಗೆ ಬಾಲ ಹುಟ್ಟಿ ಮತ್ತೆ ಬೇರೆ ಅಕ್ಷರ ಆಗುತ್ತದೆ.

ಆ ಸೊನ್ನೆಯೊಂದನ್ನೇ ಬೇರೆ ತೆಗೆದರೆ ವಾಟ್ಸ್ಆ್ಯಪ್ ಡಿಪಿ ಸಿದ್ಧ. ಗೂಗಲ್ ಮ್ಯಾಪ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಎಲ್ಲ ಕಡೆ ದುಂಡಗಿನ ಜಾಗವೇ ಇರುವುದು, ಅಲ್ಲಿ ಉದ್ದ ಹೆಸರು ಹಿಡಿಸುವುದಿಲ್ಲ. ನಿಮ್ಮ ಹೆಸರಿನಲ್ಲಿ ಸೊನ್ನೆ ಇಲ್ಲ, ಗೊತ್ತು. ಆದರೆ ಎರಡನೇ ಅಕ್ಷರದ ಒತ್ತು ದುಂಡಗಿದೆ, ಪ್ರಯತ್ನ ಮಾಡಿ ನೋಡಬಹುದು. ಆಗಲಿಲ್ಲವೋ, ಬಿಟ್ಟುಬಿಡಿ. ಮೊದಲ ಅಕ್ಷರವನ್ನೇ ಒಂದು ವೃತ್ತದಲ್ಲಿ ಹಾಕಿದರೆ ಡಿಪಿಗೆ ಸಾಕು. ಇಲ್ಲದ ಕಡೆ ಚಿತ್ರ ತುರುಕುವುದು ಕೂಡದು.

ಬಸಿಯ ಮಾತು ಬಂತು. ನಮ್ಮ ಕಡೆ ಇವತ್ತೂ ಬಸಿಯಲ್ಲಿ ಸುರಿದು ಸೊರ್ ಅಂತ ಕುಡಿಯುವ ಹಿರಿಯರಿದ್ದಾರೆ. ನೀವು ನಿಜವಾಗಿ ಕಪ್ಪು-ಬಸಿಯಲ್ಲಿ ಕೊಡುವುದಾದರೆ ಲೋಗೋದಲ್ಲಿ ಬಸಿ ಇರಲಿ. ಪೇಪರ್ ಕಪ್ಪಿನಲ್ಲಿ ಕೊಡುವವರು ಬಸಿ ಬರೆಯಬಾರದು, ಗಾಜಿನ ಗ್ಲಾಸಿನಲ್ಲಿ ಕೊಡುವವರು ಮಣ್ಣಿನ ಕುಲ್ಹಡ್ ಬರೆಯಬಾರದು. ಇದು ನನ್ನ ಹಟ ಅಂತಲೇ ತಿಳಿಯಿರಿ. ಬೋರ್ಡಿನಲ್ಲಿ ಕಂಡದ್ದು ಕೈಗೆ ಬರದಿದ್ದರೆ ಗಿರಾಕಿ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ಅಂಗಡಿಯ ಮೇಲಿನ ನಂಬಿಕೆ ಒಂದು ಗುಂಜಿಯಷ್ಟಾದರೂ ಕಡಿಮೆ ಆಗುತ್ತದೆ.

ಬಣ್ಣಕ್ಕೆ ಬಂದರೆ, ಬಂಗಾರದ ಉಂಗುರ ಮೊದಲು ತೆಗೆಸಿ. ಮೊಬೈಲಿನಲ್ಲಿ ಅದು ಹೊಳೆಯುತ್ತದೆ, ಯಾಕೆಂದರೆ ಹಳದಿಯಿಂದ ಕಂದಿಗೆ ಇಳಿಯುವ ನೆರಳು ಹಾಕಿ ಹೊಳಪಿನ ಭ್ರಮೆ ಹುಟ್ಟಿಸಿರುತ್ತಾರೆ. ಪ್ರಿಂಟಿಂಗ್ ಯಂತ್ರದಲ್ಲಿ ಇರುವುದು ನೀಲಿ (ಸಿ), ಗುಲಾಬಿ (ಎಂ), ಹಳದಿ (ವೈ), ಕಪ್ಪು (ಕೆ) ಈ ನಾಲ್ಕು ಶಾಯಿ. ಬಂಗಾರ ಅನ್ನುವ ಶಾಯಿ ಅದರಲ್ಲಿಲ್ಲ. ಫ್ಲೆಕ್ಸಿನ ಮೇಲೆ ನಿಮ್ಮ ಬಂಗಾರ ಸಾಸಿವೆ ಅರೆದ ಬಣ್ಣಕ್ಕೆ ಬಂದು ನಿಲ್ಲುತ್ತದೆ. ನಿಜವಾದ ಬಂಗಾರದ ಹೊಳಪು ಬೇಕಾದರೆ ಫಾಯಿಲ್ ಒತ್ತಿಸಬೇಕು, ಮದುವೆ ಕಾರ್ಡಿಗೆ ಮಾಡಿಸುತ್ತಾರಲ್ಲ, ಹಾಗೆ. ಚಹಾದಂಗಡಿಗೆ ಆ ಖರ್ಚು ಯಾಕೆ?

ನನ್ನ ಸಲಹೆ ಎರಡು ಬಣ್ಣ. ಗಾಢ ಕಂದು ಹಿನ್ನೆಲೆ, ಕೆನೆ ಬಣ್ಣದ ಅಕ್ಷರ. ಪ್ರಿಂಟಿಂಗ್‌ನವರಿಗೆ 'ಚಹಾ ಬಣ್ಣ' ಅಂತ ಬಾಯಿಮಾತಿನಲ್ಲಿ ಹೇಳಬೇಡಿ, ಅಂಕಿಯಲ್ಲೇ ಬರೆದುಕೊಡಿ: ಸಿ 40, ಎಂ 80, ವೈ 90, ಕೆ 50. ಕೆನೆಗೆ ಎಂ 3, ವೈ 15, ಉಳಿದೆರಡೂ ಸೊನ್ನೆ. ಇವನ್ನು ಅಂಗೈಯಗಲ ತುಂಡಿನ ಮೇಲೆ ಒಮ್ಮೆ ಪ್ರಿಂಟ್ ಹಾಕಿಸಿ, ಬಿಸಿಲಿಗೆ ಹಿಡಿದು ನೋಡಿ. ಯಂತ್ರದಿಂದ ಯಂತ್ರಕ್ಕೆ ಬಣ್ಣ ಸ್ವಲ್ಪ ಬದಲಾಗುತ್ತದೆ, ಅಲ್ಲೇ ನಿಂತು ಸರಿಮಾಡಿಸಿಕೊಳ್ಳಿ. ಕಂದಿಗೆ ಇನ್ನೊಂದು ಲಾಭ ಇದೆ. ನಿಮ್ಮ ಊರಿನ ಧೂಳು ಬಿಳಿಯ ಬೋರ್ಡಿನ ಮೇಲೆ ವಾರದಲ್ಲಿ ಎದ್ದು ಕಾಣುತ್ತದೆ, ಕಂದಿನ ಮೇಲೆ ಅಷ್ಟು ಕಾಣುವುದಿಲ್ಲ.

ಕೆಂಪು ಇಷ್ಟ ಅನ್ನುವುದಾದರೆ ಪಕ್ಕದ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯ ಸೆರಗಿನ ಕೆಂಪು ತೆಗೆದುಕೊಳ್ಳಿ, ಅದಕ್ಕೆ ಬಿಳಿ ಜೋಡಿಸಿ. ಆ ಸೆರಗಿನಲ್ಲಿ ಹಣಿಗೆ, ಕೋಟಿ ಕಮ್ಮಳಿ, ತೋಪು ತೆನಿ ಅಂತ ಆಕಾರಗಳಿವೆ. ತೆನಿ ಅಂದರೆ ಜೋಳದ ತೆನೆ, ನಿಮ್ಮ ಜಿಲ್ಲೆಯ ಬೆಳೆಯೇ. ಪಾರ್ಸಲ್ ಚೀಲದ ಅಂಚಿಗೆ, ಮೆನು ಕಾರ್ಡಿನ ತುದಿಗೆ ಅದನ್ನು ಸಾಲಾಗಿ ಇಟ್ಟರೆ ಬಹಳ ಒಪ್ಪುತ್ತದೆ. ಲೋಗೋದ ಒಳಗೆ ಮಾತ್ರ ಬೇಡ. ಮತ್ತೆ, ಬಿಸಿಲಿಗೆ ಬೇಗ ಮಾಸುವುದು ಕೆಂಪು ಮತ್ತು ಹಳದಿಯೇ. ನಿಮ್ಮ ಅಂಗಡಿ ಪಡುವಣಕ್ಕೆ ಮುಖ ಮಾಡಿದ್ದರೆ ಫ್ಲೆಕ್ಸಿನ ಕೆಂಪು ಒಂದೆರಡು ಬೇಸಿಗೆಯಲ್ಲಿ ಗುಲಾಬಿ ಆಗಿಬಿಡುತ್ತದೆ. ಕೆಂಪು ಬೇಕಾದರೆ ಬಣ್ಣದ ಅಕ್ರಿಲಿಕ್ ಶೀಟು ಅಥವಾ ಎನಾಮೆಲ್ ಪೇಂಟ್ ವಾಸಿ.

ಯಾವ ಬಣ್ಣ ಆರಿಸಿದರೂ ಮೊದಲು ಬರೀ ಕಪ್ಪು-ಬಿಳುಪಿನಲ್ಲಿ ಲೋಗೋ ನಿಲ್ಲಬೇಕು. ಇದರಲ್ಲಿ ರಾಜಿ ಇಲ್ಲ. ರಬ್ಬರ್ ಸ್ಟ್ಯಾಂಪಿಗೆ ಒಂದೇ ಬಣ್ಣ. ಬಿಲ್ಲಿನ ಚೀಟಿಗೆ ಒಂದೇ ಬಣ್ಣ. ಆಫೀಸುಗಳಿಗೆ ಚಹಾ ಒಯ್ಯುವ ಥರ್ಮಾಸಿನ ಮೇಲಿನ ಸ್ಟಿಕ್ಕರಿಗೂ ಒಂದೇ ಬಣ್ಣ ಇದ್ದರೆ ಅಗ್ಗ. ಆ ಥರ್ಮಾಸನ್ನು ಮರೆಯಬೇಡಿ, ನಿಮ್ಮ ಅಂಗಡಿಯ ಓಡಾಡುವ ಬೋರ್ಡ್ ಅದು. ಹುಡುಗ ಅದನ್ನು ಹಿಡಿದು ದಿನಕ್ಕೆ ಎಷ್ಟು ಮೇಜಿನ ಮುಂದೆ ನಿಲ್ಲುತ್ತಾನೆ ಯೋಚಿಸಿ. ಥರ್ಮಾಸಿನ ಮೈ ದುಂಡಗೆ, ಆದ್ದರಿಂದ ಉದ್ದ ಹೆಸರಿನ ಅರ್ಧ ಆಚೆ ತಿರುಗಿಬಿಡುತ್ತದೆ. ಅಲ್ಲಿಗೆ ಹೆಸರನ್ನು ಎರಡು ಸಾಲಿನಲ್ಲಿ ಬರೆದ ಇನ್ನೊಂದು ರೂಪ ಈಗಲೇ ಮಾಡಿಸಿಕೊಳ್ಳಿ.

ಬೋರ್ಡಿನ ಅಳತೆ ಹೀಗೆ ಲೆಕ್ಕ ಹಾಕಿ. ಬೋರ್ಡ್ ಬರೆಯುವವರಲ್ಲಿ ಒಂದು ಅಂದಾಜು ಇದೆ. ಹತ್ತಡಿ ದೂರದಿಂದ ಸಲೀಸಾಗಿ ಓದಲು ಒಂದಿಂಚು ಎತ್ತರದ ಅಕ್ಷರ ಬೇಕು. ಇದು ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕ. ಕನ್ನಡದಲ್ಲಿ ಅಕ್ಷರದ ಒಳಗೆ ಸುತ್ತು, ಸೀಳು ಜಾಸ್ತಿ, ಅದಕ್ಕೆ ನಾನು ಒಂದೂವರೆ ಪಟ್ಟು ಹಿಡಿಯುತ್ತೇನೆ. ರಸ್ತೆಯ ಆಚೆ ಬದಿ ಐವತ್ತು ಅಡಿ ದೂರ ಇದೆ ಅಂದರೆ ಏಳೆಂಟು ಇಂಚಿನ ಅಕ್ಷರ, ಒತ್ತು-ಗುಡಿಸು ಬಿಟ್ಟು. ನಿಮ್ಮ ಹತ್ತಡಿ ಬೋರ್ಡಿನಲ್ಲಿ ಹೆಸರು ಐದಾರು ಅಡಿ ಹಿಡಿಯಲಿ, ಎರಡೂ ಬದಿಗೆ ಎರಡೆರಡು ಅಡಿ ಖಾಲಿ ಬಿಡಿ. ಆ ಖಾಲಿ ಜಾಗ ಕಂಡ ಕೂಡಲೇ ಯಾರಾದರೂ ಬಂದು 'ಇಲ್ಲೊಂದು ಸಮೋಸಾ ಫೋಟೋ ಹಾಕೋಣ್ರಿ' ಅನ್ನುತ್ತಾರೆ. ಒಪ್ಪಬೇಡಿ. ಅಕ್ಕಪಕ್ಕದ ಬೋರ್ಡುಗಳೆಲ್ಲ ತುಂಬಿ ತುಳುಕುತ್ತಿರುವಾಗ ಕಣ್ಣು ಹೋಗಿ ನಿಲ್ಲುವುದು ಖಾಲಿ ಇರುವ ಕಡೆಗೇ.

ರಾತ್ರಿ ಒಳಗಿನಿಂದ ಬೆಳಗುವ ಎಲ್ಇಡಿ ಅಕ್ಷರ ಮಾಡಿಸುವುದಾದರೆ ಗೆರೆ ದಪ್ಪ ಇರಲೇಬೇಕು, ದೀಪದ ತುಂಡು ಒಳಗೆ ಕೂರಬೇಕಲ್ಲ. ಬಿಡಿ ಅಕ್ಷರ ಕತ್ತರಿಸುವಾಗ ಸೊನ್ನೆ, ಒತ್ತು ಎಲ್ಲ ಬೇರೆ ಬೇರೆ ತುಂಡಾಗಿ ಬರುತ್ತವೆ. ಗೋಡೆಗೆ ಕೂರಿಸುವವನಿಗೆ ಕನ್ನಡ ಬಾರದಿದ್ದರೆ ಒತ್ತು ಯಾವ ಅಕ್ಷರದ ಕೆಳಗೆ ಬೇಕಾದರೂ ಹೋಗಿ ಕೂರಬಹುದು. ನಿಜವಾದ ಅಳತೆಯ ಒಂದು ಕಾಗದ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿಕೊಡಿ, ಅದರ ಮೇಲೇ ಕೂರಿಸಲಿ. ಶಟರನ್ನೂ ಲೆಕ್ಕಕ್ಕೆ ತಗೊಳ್ಳಿ. ಅಂಗಡಿ ಮುಚ್ಚಿದಾಗ ರಸ್ತೆಗೆ ಕಾಣುವುದು ಅದೇ. ಪಟ್ಟಿ ಪಟ್ಟಿ ತಗಡಿನ ಮೇಲೆ ತೆಳು ಗೆರೆ ಒಡೆದು ಕಾಣುತ್ತದೆ, ದಪ್ಪ ಅಕ್ಷರ ನಿಲ್ಲುತ್ತದೆ.

ಭಾಷೆಯ ಪ್ರಶ್ನೆಗೆ ಉತ್ತರ ಅರ್ಧ ಕಾನೂನಿನಲ್ಲೇ ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಂಗಡಿಯ ನಾಮಫಲಕದಲ್ಲಿ 60 ಪ್ರತಿಶತ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆದ್ದರಿಂದ ಕನ್ನಡದ ಹೆಸರು ದೊಡ್ಡದಾಗಿ ಮೇಲೆ, ಇಂಗ್ಲಿಷ್ ಸಣ್ಣದಾಗಿ ಕೆಳಗೆ. ಮರಾಠಿ ಬೇಡ ಅನ್ನಿಸುತ್ತದೆ. ಭಾಷೆಯ ಮೇಲಿನ ಮುನಿಸಲ್ಲ ಇದು, ಜಾಗದ ಲೆಕ್ಕ. ಮೂರು ಲಿಪಿ ಒಂದೇ ಬೋರ್ಡಿನಲ್ಲಿ ಕೂತರೆ ಯಾವುದಕ್ಕೂ ಉಸಿರಾಡಲು ಜಾಗ ಸಿಗುವುದಿಲ್ಲ. ಸೊಲ್ಲಾಪುರದವರು ಕೆಳಗಿನ ಇಂಗ್ಲಿಷ್ ಓದಿಕೊಳ್ಳುತ್ತಾರೆ, ಒಲೆಯ ಮೇಲಿನ ಶುಂಠಿ-ಯಾಲಕ್ಕಿ ವಾಸನೆಗೆ ಯಾವ ಲಿಪಿಯೂ ಬೇಕಾಗಿಲ್ಲ. ಒಳಗೆ ದರದ ಪಟ್ಟಿಯಲ್ಲಿ ಮರಾಠಿ ಸೇರಿಸಬೇಕು ಅನ್ನಿಸಿದರೆ ಧಾರಾಳವಾಗಿ ಸೇರಿಸಿ. ಇಂಗ್ಲಿಷ್ ಅಕ್ಷರದ ದಪ್ಪ ಕನ್ನಡದ ದಪ್ಪಕ್ಕೆ ಹೊಂದಬೇಕು. ಅಲ್ಲೂ ದುಂಡಗಿನ ಅಕ್ಷರವೇ ಆರಿಸಿಕೊಳ್ಳಿ.

ಅಣ್ಣನ ಎಐ ವಿಚಾರ. ಬೈಯಬೇಡಿ, ಅದು ಕೆಲಸಕ್ಕೆ ಬರುತ್ತದೆ. ಹತ್ತಾರು ಬಣ್ಣದ ಜೋಡಿ ನೋಡಬೇಕು, ಅಂಗಡಿಯ ಮುಂಭಾಗ ಹೇಗೆ ಕಾಣಬಹುದು ಅಂತ ಒಂದು ಅಂದಾಜು ಬೇಕು ಅಂದರೆ ಮಾಡಿಸಿ ನೋಡಿ. ಆದರೆ ಕನ್ನಡ ಬರೆಯಲು ಹೇಳಿದರೆ ಅದು ಎಷ್ಟೋ ಸಲ ಕನ್ನಡದ ಹಾಗೆ ಕಾಣುವ, ಆದರೆ ಕನ್ನಡ ಅಲ್ಲದ ಅಕ್ಷರ ಬರೆದುಕೊಡುತ್ತದೆ. ಒತ್ತು ತಪ್ಪುತ್ತದೆ, ತಲೆಕಟ್ಟು ಹಾರಿಹೋಗುತ್ತದೆ. ಜೊತೆಗೆ ಸಾಮಾನ್ಯವಾಗಿ ಕೈಗೆ ಸಿಗುವುದು ಫೋಟೋ ತರಹದ ಫೈಲ್. ಮೊಬೈಲಿನಲ್ಲಿ ಚೊಕ್ಕ ಕಾಣುವುದನ್ನು ಹತ್ತಡಿಗೆ ಹಿಗ್ಗಿಸಿದರೆ ಅಂಚೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ.

ನಿಮಗೆ ಬೇಕಾದದ್ದು ವೆಕ್ಟರ್ ಫೈಲ್, ಅಂದರೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಫೈಲ್. ಡಿಸೈನ್ ಮಾಡಿದವರಿಂದ ಪಿಡಿಎಫ್, ಎಸ್‌ವಿಜಿ, ಮತ್ತೆ ನಿಮ್ಮ ಊರಿನ ಫ್ಲೆಕ್ಸ್ ಅಂಗಡಿಯವರಿಗೆ ಕೋರಲ್‌ಡ್ರಾದ ಸಿಡಿಆರ್ ಫೈಲ್ ಕೇಳಿ ತಗೊಳ್ಳಿ. ಹಿನ್ನೆಲೆ ಇಲ್ಲದ ಪಿಎನ್‌ಜಿ ಒಂದು ಮೊಬೈಲಿಗೆ. ಫೈಲ್ ಕೊಡುವ ಮುಂಚೆ ಅಕ್ಷರಗಳನ್ನು 'ಕರ್ವ್ಸ್' ಮಾಡಿಸಿ, ಅಂದರೆ ಫಾಂಟಿನ ಹಂಗಿಲ್ಲದ ಬರೀ ಆಕಾರ ಮಾಡಿಸಿ, ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಆಯ್ತು. ಇದನ್ನು ಮಾಡದಿದ್ದರೆ ಏನಾಗುತ್ತದೆ ಗೊತ್ತಾ? ಹೆಸರನ್ನು 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ, ಇನ್ನೊಂದು ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ. ಅಲ್ಲಿ ತೆರೆದಾಗ ನಿಮ್ಮ ಅಂಗಡಿಯ ಹೆಸರಿನ ಜಾಗದಲ್ಲಿ ಗುರುತು ಸಿಗದ ಚಿಹ್ನೆಗಳ ಸಾಲು. ಅಥವಾ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತು 'ಅಕ್ಕ' ಹೋಗಿ 'ಅಕ್‌ಕ' ಆಗಿರುತ್ತದೆ. ಆ ರೀತಿ ಪ್ರಿಂಟ್ ಆದ ಬೋರ್ಡುಗಳು ನಮ್ಮ ಊರುಗಳಲ್ಲಿ ಎಷ್ಟು ನೇತಾಡುತ್ತಿಲ್ಲ! ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆದರೆ ಅದು ಹಿಂಡಿ ಸಣ್ಣದು ಮಾಡಿಬಿಡುತ್ತದೆ.

ಇದು ಬೇಸರದ ವಿಷಯ, ಆದರೆ ಹೇಳಲೇಬೇಕು. ದುಡ್ಡು ಕೊಟ್ಟ ಮಾತ್ರಕ್ಕೆ ಲೋಗೋದ ಹಕ್ಕು ತಾನಾಗಿ ನಿಮ್ಮದಾಗುತ್ತದೆ ಅಂದುಕೊಳ್ಳಬೇಡಿ. ಬರೆದವರಿಂದ ಒಂದು ಹಾಳೆಯಲ್ಲಿ ಸಹಿ ಸಮೇತ ಬರೆಸಿಕೊಳ್ಳಿ, ಪೇಂಟರ್ ಆದರೂ ಸರಿ, ಪರಿಚಯದವರಾದರೂ ಸರಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಗೆ ಬರೆಸಿಕೊಂಡ ಪತ್ರದಲ್ಲಿ ಅವಧಿ ಹಾಕದಿದ್ದರೆ ಐದೇ ವರ್ಷ ಅಂತ ಹಿಡಿಯುತ್ತಾರೆ. ಆದ್ದರಿಂದ 'ಕೃತಿಸ್ವಾಮ್ಯದ ಪೂರ್ತಿ ಅವಧಿಗೆ' ಅನ್ನುವ ಮಾತು ಅದರಲ್ಲಿ ಇರಲಿ. ಟ್ರೇಡ್‌ಮಾರ್ಕ್ ಬೇಕಾದರೆ ಚಹಾದಂಗಡಿ 43ನೇ ವರ್ಗಕ್ಕೆ ಬರುತ್ತದೆ, ಚಹಾಪುಡಿ ಪ್ಯಾಕೆಟ್ ಮಾರುವುದಾದರೆ 30ನೇ ವರ್ಗ. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಮೊದಲ ದಿನವೇ ಅದಕ್ಕೆ ಓಡಬೇಕಿಲ್ಲ. ಆದರೆ ಹೆಸರು ಈಗಾಗಲೇ ಬೇರೆಯವರದಾಗಿದೆಯೇ ಅಂತ ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿ ನೋಡುವುದಕ್ಕೆ ದುಡ್ಡು ಬೇಡ. ಬೋರ್ಡ್ ಮಾಡಿಸುವ ಮುಂಚೆಯೇ ನೋಡಿಬಿಡಿ. ನೋಂದಣಿ ಆಗುವ ತನಕ ವೃತ್ತದೊಳಗಿನ ಆರ್ ಗುರುತು ಹಾಕುವಂತಿಲ್ಲ, ಅದು ಅಪರಾಧ.

ಎರಡು ಮೂರು ನಮೂನೆ ಕೈಗೆ ಬಂದ ಮೇಲೆ ಫೇಸ್‌ಬುಕ್ಕಿನಲ್ಲಿ ಹಾಕಿ 'ಯಾವುದು ಚೆಂದ' ಅಂತ ಕೇಳಬೇಡಿ. ಎಲ್ಲರೂ ಜಾಸ್ತಿ ಬಣ್ಣ ಇರುವುದಕ್ಕೇ ಕೈ ಎತ್ತುತ್ತಾರೆ. ಪ್ರತಿಯೊಂದನ್ನೂ ದೊಡ್ಡದಾಗಿ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ ಅಂಗಡಿಯ ಶಟರಿಗೆ ಅಂಟಿಸಿ. ಮನೆಯಲ್ಲಿ ಕಣ್ಣು ಸ್ವಲ್ಪ ಮಂದ ಇರುವ ಹಿರಿಯರು ಯಾರಿದ್ದಾರೋ ಅವರನ್ನು ರಸ್ತೆಯ ಆಚೆ ನಿಲ್ಲಿಸಿ ಓದಲು ಹೇಳಿ. ಬೈಕಿನಲ್ಲಿ ಹೋಗುವ ಅಣ್ಣನಿಗೆ ಕತ್ತು ತಿರುಗಿಸದೆ ಓದಲು ಹೇಳಿ. ತಡವರಿಸಿದರೆ ಆ ಅಕ್ಷರವನ್ನು ಮತ್ತೆ ಬರೆಸಿ. ಅದೇ ನಮೂನೆಯನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ ಮೊಬೈಲಿನಲ್ಲೂ ನೋಡಿ. ಎರಡೂ ಕಡೆ ಪಾಸಾದದ್ದು ನಿಮ್ಮ ಲೋಗೋ, ಅದು ನಿಮ್ಮ ಮೊದಲ ಆಯ್ಕೆ ಅಲ್ಲದಿದ್ದರೂ ಸರಿ.

ಕೊನೆಗೆ ಫೋನ್ ನಂಬರ್. ಬೋರ್ಡಿನ ಮೇಲೆ ಬೇಡ. ರಸ್ತೆಯಲ್ಲಿ ಹೋಗುವವನು ಹತ್ತು ಅಂಕಿ ನೆನಪಿಟ್ಟುಕೊಳ್ಳುವುದಿಲ್ಲ, ಒಳಗೆ ಬಂದವನಿಗೆ ಅದರ ಅಗತ್ಯ ಇಲ್ಲ. ನಂಬರ್ ಬೇಕಾಗುವುದು ಆಫೀಸಿಗೆ ಚಹಾ ತರಿಸುವವರಿಗೆ, ಅದನ್ನು ಥರ್ಮಾಸಿನ ಸ್ಟಿಕ್ಕರಿನಲ್ಲಿ ಹಾಕಿ. ಆಹಾರ ನೋಂದಣಿಯ ಎಫ್ಎಸ್ಎಸ್ಎಐ ಪತ್ರ ಗಿರಾಕಿಗೆ ಕಾಣುವಂತೆ ಗಲ್ಲಾದ ಹಿಂದೆ ತೂಗುಹಾಕಿ. ಬೋರ್ಡಿನ ಮೇಲೆ ಹೆಸರು ಸಾಕು. ನಿಮ್ಮ ಡಿಸೈನರ್ 'ಹೊಸ ವರ್ಷನ್' ಅಂತ ಮತ್ತೆ ಗುಮ್ಮಟ ಇಟ್ಟು ಕಳಿಸಿದರೆ ಜಗಳ ಆಡಬೇಡಿ. ಮಾಡಿದ ಕೆಲಸದ ದುಡ್ಡು ಕೊಟ್ಟುಬಿಡಿ, ಅಕ್ಷರದ ಕೆಲಸವನ್ನು ಪೇಂಟರ್ ಕೈಗೆ ಒಪ್ಪಿಸಿ.